ಹೆಣ್ಣು ಕರುವಿನ ಕಡ್ಡಿ

ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಬೈಕಿನ ಹಿಂದೆ ನೈಟ್ರೋಜನ್ ಕ್ಯಾನು, ಅದರೊಳಗೆ ಹೋರಿಗಳ ವೀರ್ಯ ತುಂಬಿದ ಕಡ್ಡಿಗಳು. ಹೆಣ್ಣು ಕರು ಹುಟ್ಟುವಂಥ ಕಡ್ಡಿ ಬಂದ ಮೇಲಂತೂ ಜನ ಬೇರೆಯದನ್ನು ಕೇಳುವುದೇ ಇಲ್ಲ.

ಚೌಳಹಿರಿಯೂರಿನ ಹತ್ತಿರ ಒಂದು ಮನೆಯಲ್ಲಿ ಹಸು ಬೆದೆಗೆ ಬಂದಿತ್ತು. ಅದೇ ಕಡ್ಡಿ ಹಾಕಿ ಕೈ ತೊಳೆಯುತ್ತಿದ್ದೆ. ಮನೆಯಾಕೆ ನೀರು ಹಾಕುತ್ತಿದ್ದರು. ಗಂಡ ಒಳಗಿಂದ ಆಸ್ಪತ್ರೆಯ ರಿಪೋರ್ಟು ತಂದ.

"ಡಾಕ್ಟ್ರೇ, ಇದೊಂಚೂರು ನೋಡಿ."

"ಮನುಷ್ಯರದ್ದು ನಂಗೇನ್ ಗೊತ್ತಾಗುತ್ತೆ ಕಣ್ರೀ?"

"ನನ್ನ ವೈ ಕ್ರೋಮೋಸೋಮಲ್ಲಿ ಒಂದು ಚೂರು ಇಲ್ವಂತೆ. ಅದಕ್ಕೇ ಮಕ್ಕಳಾಗಿಲ್ಲ. ಲ್ಯಾಬಲ್ಲಿ ಮಾಡಿದ್ರೆ ಆಗ್ಬೋದಂತೆ, ಆದ್ರೆ ಗಂಡು ಹುಟ್ಟಿದ್ರೆ ಅವನಿಗೂ ಇದೇ ತೊಂದ್ರೆ. ಹೆಣ್ಣಿಗೆ ಬರಲ್ವಂತೆ. ಹಂಗಾದ್ರೆ ಹೆಣ್ಣೇ ಮಾಡ್ಕೊಡಿ ಅಂದೆ. ಆರಿಸಿ ಕೊಡೋ ಹಂಗಿಲ್ಲ, ಕಾನೂನಿದೆ ಅಂದ್ಬಿಟ್ರು. ನಮ್ಮ ಹಸೂಗಿದೆ, ನಮಗ್ಯಾಕಿಲ್ಲ?"

ಆ ಕಾನೂನು ಬಂದಿದ್ದು ಹೆಣ್ಣು ಬೇಡ ಅನ್ನುವವರಿಂದ. ಇವನು ಹೆಣ್ಣೇ ಬೇಕು ಅನ್ನುವವನು. ಅಷ್ಟರಲ್ಲಿ ಇನ್ನೊಂದು ಕೇಳಿದ.

"ಹೋರಿಗೆ ಹಿಂಗಿದ್ರೆ ಏನ್ ಮಾಡ್ತೀರಿ?"

ವೀರ್ಯ ತೆಗೆಯುವ ಹೋರಿಗಳ ಪಟ್ಟಿಯಿಂದ ತೆಗೆದುಹಾಕುತ್ತಾರೆ. ಅದನ್ನು ಅವನ ಮುಖ ನೋಡಿಕೊಂಡು ಹೇಳುವುದು ಹೇಗೆ? ತೊಳೆದ ಕೈಯನ್ನೇ ಮತ್ತೆ ತೊಳೆದೆ.

ಆಕೆ ಚೊಂಬು ಕೆಳಗಿಟ್ಟರು. "ಗಂಡೇ ಆಗ್ಲಿ ಬಿಡಿ. ನಿಮ್ಮ ಥರಾನೇ ಇರ್ತಾನೆ ತಾನೆ? ನಾನೇನು ನಿಮ್ಮ ಜೊತೆ ಬಾಳ್ತಾ ಇಲ್ವಾ?"

ಅವನು ರಿಪೋರ್ಟು ಮಡಚಿದ.

ಇಷ್ಟು ವರ್ಷ ಊರೂರು ಸುತ್ತಿದ್ದೇನೆ. ಪಟ್ಟಿಯಿಂದ ಹೊರಬಿದ್ದ ಹೋರಿಯ ಪರವಾಗಿ ಒಬ್ಬರು ಮಾತಾಡಿದ್ದನ್ನು ಕೇಳಿದ್ದು ಅದೇ ಮೊದಲು.