ನುಂಗುವ ಮುದ್ದೆ, ಕುಡಿಯುವ ಬಟಾಣಿ

ನಾನು ದಪ್ಪಗಿದ್ದೆ. 'ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಾಳೆ' ಎಂದು ನೆಂಟರು ಹೇಳುವ ಹಂತ ದಾಟಿ ಬಹಳ ವರ್ಷಗಳಾಗಿದ್ದವು. ತಿ. ನರಸೀಪುರದ ನಮ್ಮ ಮನೆಯಿಂದ ನಂಜನಗೂಡಿನ ಹೈಸ್ಕೂಲಿಗೆ ವಿಜ್ಞಾನ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ನಾನು ಬಸ್ಸು ಹತ್ತುವುದು ಒಂದು ಸಾರ್ವಜನಿಕ ಕಾರ್ಯಕ್ರಮವಾಗಿಬಿಟ್ಟಿತ್ತು. ಮೇಲಿನಿಂದ ಕಂಡಕ್ಟರು ಕೈ ಹಿಡಿದು ಎಳೆಯುತ್ತಿದ್ದ. ಕೆಳಗಿನಿಂದ ಯಾರಾದರೂ ಪುಣ್ಯಾತ್ಗಿತ್ತಿ ತಳ್ಳುತ್ತಿದ್ದಳು. "ಟೀಚ್ರಮ್ಮ ಒಳೀಕ್ ಬಂದ್ರು, ರೈಟ್!" ಎಂದು ಅವನು ಕೂಗಿದ ಮೇಲೆಯೇ ಬಸ್ಸು ಹೊರಡುವುದು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೆ ಹಸಿವಾಗುತ್ತಿತ್ತು.

ಇದನ್ನೆಲ್ಲ ನಕ್ಕು ತಳ್ಳಿಹಾಕಬಹುದಿತ್ತು. ಆದರೆ ಸಕ್ಕರೆ ಕಾಯಿಲೆ ಬಂದು ಕಣ್ಣಿಗೆ ಹತ್ತಿಕೊಂಡಿತು. ಕರಿಹಲಗೆಯ ಮೇಲೆ ನಾನೇ ಬರೆದದ್ದು ನನಗೇ ಮಸುಕಾಗಿ ಕಾಣತೊಡಗಿತು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ತೂಕವೂ ಸಕ್ಕರೆಯೂ ಇಳಿಯದಿದ್ದರೆ ದೃಷ್ಟಿ ಉಳಿಯುವುದು ಕಷ್ಟ ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಮಾತ್ರೆ, ವಾಕಿಂಗು, ಹಾಗಲಕಾಯಿ ರಸ ಎಲ್ಲ ಆಗಿಹೋಗಿತ್ತು. ಉಳಿದದ್ದು ಒಂದೇ, ಹೊಟ್ಟೆಯ ಚೀಲವನ್ನು ಕತ್ತರಿಸಿ ಚಿಕ್ಕದು ಮಾಡುವ ಆಪರೇಷನ್. ಇದು ಎರಡು ಸಾವಿರದ ಎಂಟನೇ ಇಸವಿಯೋ ಒಂಬತ್ತೋ ಇರಬೇಕು. ಆಗ ಆ ಆಪರೇಷನ್ ಮಾಡುವ ಡಾಕ್ಟರು ಬೆಂಗಳೂರಿನಿಂದ ಮೈಸೂರಿನ ಆಸ್ಪತ್ರೆಯೊಂದಕ್ಕೆ ತಿಂಗಳಿಗೊಮ್ಮೆ ಬರುತ್ತಿದ್ದರು.

ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಮತ್ತೆ ಒಂದು ಹಸು. ಅತ್ತೆ ಕಡ್ಡಿಯಂತಿದ್ದರು. ಮುದ್ದೆ ತಿರುವುವಾಗ ಮಾತ್ರ ಆ ಕಡ್ಡಿಗೆ ಎಲ್ಲಿಂದ ಬಲ ಬರುತ್ತಿತ್ತೋ! ಆಪರೇಷನ್ ವಿಷಯ ಕೇಳಿ ಅವರು ಕೆನ್ನೆಗೆ ಕೈ ಕೊಟ್ಟು ಕೂತರು.

"ಉಣ್ಣೋದ್ ನಿಲ್ಸೋಕೆ ಒಟ್ಟೆ ಯಾಕ್ ಕುಯ್ಯಿಸ್ಕೋಬೇಕು ಮಗಾ? ಬಾಯ್ಗೇ ಒಲ್ಗೆ ಆಕಿಸ್ಕೊಂಡ್ರೆ ಆಯ್ತದಲ್ಲ?"

ಕಣ್ಣಿನ ವಿಷಯ ಬಿಡಿಸಿ ಹೇಳಿದ ಮೇಲೆ ಅವರು ತಮಾಷೆ ನಿಲ್ಲಿಸಿದರು. ಮೈಸೂರಿಗೆ ನನ್ನ ಜೊತೆ ತಾವೇ ಹೊರಟರು.

ಡಾಕ್ಟರು ಒಂದು ಷರತ್ತು ಹಾಕಿದರು. ನನ್ನ ಲಿವರ್ ಕೊಬ್ಬು ತುಂಬಿ ಊದಿಕೊಂಡಿದೆ, ಅದು ಹೊಟ್ಟೆಯ ಮೇಲೆಯೇ ಕೂತಿರುತ್ತದೆ, ಆಪರೇಷನ್ನಿಗೆ ಎರಡು ವಾರ ಮುಂಚಿನಿಂದ ಬರೀ ನೀರಿನಂಥ ಆಹಾರ ತೆಗೆದುಕೊಂಡರೆ ಅದು ಕುಗ್ಗುತ್ತದೆ, ಕುಗ್ಗದಿದ್ದರೆ ತಾವು ಕೈ ಹಾಕುವುದಿಲ್ಲ ಎಂದರು. ಏನು ಕುಡಿಯಬೇಕೆಂದು ಹೇಳಲು ಡಯೆಟಿಷಿಯನ್ ಹುಡುಗಿಯೊಬ್ಬಳಿದ್ದಳು. ನನಗೆ ಹಾಲು ಆಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ ಎಂದದ್ದಕ್ಕೆ ಬಟಾಣಿ ಮತ್ತು ಸೋಯಾದಿಂದ ಮಾಡಿದ ಪ್ರೋಟೀನ್ ಪುಡಿಯ ಡಬ್ಬ ಕೊಟ್ಟಳು. ಹೊತ್ತು ಹೊತ್ತಿಗೆ ನೀರಿನಲ್ಲಿ ಕಲಸಿ ಕುಡಿಯಬೇಕು. ಆಮೇಲೆ ಅಡುಗೆ ಯಾರ ಕೈಯಲ್ಲಿದೆ ಎಂದು ಒಂದೇ ನೋಟಕ್ಕೆ ತಿಳಿದುಕೊಂಡು, ಅತ್ತೆಯ ಕಡೆ ಬಾಗಿ, "ಅಜ್ಜಿ, ಇವರಿಗೆ ಅಗಿಯೋ ಪದಾರ್ಥ ಏನೂ ಕೊಡಬಾರದು. ಇಷ್ಟು ನೆನಪಿಟ್ಕೊಳ್ಳಿ ಸಾಕು" ಎಂದಳು.

"ಅಗಿಯಂಗಿಲ್ಲ. ಅಷ್ಟೇ ತಾನೆ ಕಣವ್ವ?" ಎಂದು ಅತ್ತೆ ಒಪ್ಪಿಕೊಂಡರು.

ಡಬ್ಬದ ಮೇಲೆ ಎಣ್ಣೆ ಹಚ್ಚಿಕೊಂಡು ತೋಳು ಉಬ್ಬಿಸಿದ ಒಬ್ಬ ಗಂಡಸಿನ ಚಿತ್ರವಿತ್ತು. ನನ್ನ ಗಂಡ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನೀನ್ ಓಯ್ತಿರೋದು ಆಪರೇಷನ್ನಿಗೋ ಗರಡಿಮನೇಗೋ?" ಎಂದರು. ಅತ್ತೆ ಮಾತ್ರ ಗಂಭೀರವಾಗಿ, "ಯಾರವ ಇವ, ಚಡ್ಡೀಲಿ ನಿಂತಿರೋನು? ಅಡ್ಗೆ ಮನೇಲಿ ಬ್ಯಾಡ" ಎಂದು ಅವನ ಮುಖವನ್ನು ಗೋಡೆಗೆ ತಿರುಗಿಸಿಟ್ಟರು. ಆ ಡಬ್ಬ ಖಾಲಿಯಾಗುವವರೆಗೂ ಅವನು ಗೋಡೆ ನೋಡುತ್ತಲೇ ನಿಂತಿದ್ದ.

ಪುಡಿ ನೀರಿಗೆ ಹಾಕಿದರೆ ಗಂಟು ಗಂಟಾಗುತ್ತಿತ್ತು. ಜೊತೆಗೆ ಕೊಟ್ಟಿದ್ದ ಪ್ಲಾಸ್ಟಿಕ್ ಲೋಟವನ್ನು ನಾನು ಕುಲುಕಿ ಕುಲುಕಿ ಸೋತೆ. ಗಂಟು ಎಂದರೆ ಅತ್ತೆಗೆ ಮನೆತನದ ಮರ್ಯಾದೆಯ ಪ್ರಶ್ನೆ. ನನ್ನ ಕೈಯಿಂದ ಲೋಟ ಕಿತ್ತುಕೊಂಡು ಪಾತ್ರೆಗೆ ಸುರಿದು, ಪಾತ್ರೆಯನ್ನು ಪಾದಗಳ ನಡುವೆ ಅದುಮಿ ಹಿಡಿದು, ಮುದ್ದೆ ತಿರುವುವ ಕೋಲಿನಿಂದ ಅವರು ತಿರುವಿದ್ದೇ ತಿರುವಿದ್ದು. ಬಟಾಣಿ ಪುಡಿಗೆ ಅಂಥ ಶಿಕ್ಷೆ ಅದಕ್ಕೆ ಮೊದಲು ಯಾರೂ ಕೊಟ್ಟಿರಲಾರರು. ಒಂದು ಗಂಟೂ ಉಳಿಯಲಿಲ್ಲ. ರುಚಿ ಮಾತ್ರ ನೆನೆಸಿದ ಹಿಂಡಿಯದೇ. ನಾನು ಕುಡಿಯಲಾಗದೆ ಬಿಟ್ಟದ್ದನ್ನು ಹಸುವಿನ ಮುಂದಿಟ್ಟರೆ ಅದು ಬಕೆಟ್ಟಿನ ತಳ ನೆಕ್ಕಿ ಇನ್ನೂ ಇದೆಯೇ ಎಂದು ನನ್ನ ಮುಖ ನೋಡಿತು.

ಮೊದಲ ಒಂದೆರಡು ದಿನ ಹೇಗೋ ಕಳೆದವು. ಆಮೇಲೆ ನನಗೆ ಕಣ್ಣು ಕತ್ತಲೆ ಬರತೊಡಗಿತು. ಗಂಡ ಕೆಮ್ಮಿದರೂ ಜಗಳಕ್ಕೆ ಹೋಗುತ್ತಿದ್ದೆ. ಅತ್ತೆ ಬಾಗಿಲಲ್ಲಿ ಕೂತು ಬಹಳ ಹೊತ್ತು ಯೋಚಿಸಿದರು. ಆಮೇಲೆ ಎದ್ದು ಬಂದು ಕೇಳಿದರು.

"ಅಲ್ಲ ಮಗಾ, ಮುದ್ದೆ ಯಾರಾರಾ ಅಗೀತಾರಾ?"

ಯಾರೂ ಅಗಿಯುವುದಿಲ್ಲ. ನಮ್ಮ ಕಡೆ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ಕನೆ ನುಂಗುವುದು. ಅಗಿಯುವವನನ್ನು ಕಂಡರೆ ಇಡೀ ಪಂಕ್ತಿ ಊಟ ಬಿಟ್ಟು ನಗುತ್ತದೆ. ಹಲ್ಲು ಬಾರದ ಮಗುವಿಗೂ ಹಲ್ಲು ಬಿದ್ದ ಮುದುಕನಿಗೂ ಒಂದೇ ಮುದ್ದೆ. ಅಗಿಯಬಾರದು ಎಂದರು, ಮುದ್ದೆಯನ್ನು ಅಗಿಯುವುದಿಲ್ಲ, ಹಾಗಾದರೆ ಮುದ್ದೆ ತಿನ್ನಬಹುದು. ಅತ್ತೆಯ ಮಾತಿನಲ್ಲಿ ನನಗೆ ಒಂದು ಬಿರುಕೂ ಕಾಣಲಿಲ್ಲ. ನಾನು ವಿಜ್ಞಾನದ ಟೀಚರು. ದ್ರವಕ್ಕೆ ತನ್ನದೇ ಆಕಾರವಿಲ್ಲ, ಪಾತ್ರೆಯ ಆಕಾರ ಪಡೆಯುತ್ತದೆ ಎಂದು ವರ್ಷವರ್ಷವೂ ಪಾಠ ಮಾಡಿದವಳು. ಮುದ್ದೆಯೂ ಹೋಗಿ ಹೊಟ್ಟೆಯ ಆಕಾರವನ್ನೇ ಪಡೆಯುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು ತಟ್ಟೆಯ ಮುಂದೆ ಕೂತೆ. ಆಹಾ, ಎಂಥ ಸುಖ ಅದು!

ಅಲ್ಲಿಂದ ಮುಂದೆ ಬಟಾಣಿ ಪುಡಿಯ ಜೊತೆಗೆ ದಿನಾ ಮುದ್ದೆ. ಅತ್ತೆ ನಿಯಮ ಸಡಿಲಿಸಿದರು ಎಂದುಕೊಳ್ಳಬೇಡಿ. ಬಸ್ಸಾರನ್ನು ಬಟ್ಟೆಯಲ್ಲಿ ಸೋಸಿ ಬಡಿಸುತ್ತಿದ್ದರು. ಒಂದು ಎಳೆ ಸೊಪ್ಪು ತೇಲಿದರೂ, "ಇದ ಅಗೀಬೇಕಾಯ್ತದೆ" ಎಂದು ಬೆರಳಿನಿಂದ ತೆಗೆದುಹಾಕುತ್ತಿದ್ದರು. ಪಕ್ಕದ ಮನೆಯಾಕೆ ಪಾಪ, ನನ್ನನ್ನು ನೋಡಲು ಕೋಡುಬಳೆ ಹಿಡಿದು ಬಂದರೆ, "ಕಟುಂ ಕಟುಂ ಅಂತ ಅಗಿಯೋದ್ನ ತಂದಿದ್ದೀಯಲ್ಲ, ಇವ್ಳ ಜೀವ ತೆಗೀಬೇಕು ಅಂತಿದ್ದೀಯಾ?" ಎಂದು ಬಾಗಿಲಿನಿಂದಲೇ ಸಾಗಹಾಕಿದರು.

ಎರಡು ವಾರ ಕಳೆದು ಮೈಸೂರಿಗೆ ಹೋದೆವು. ಸ್ಕ್ಯಾನಿಂಗ್ ಪರದೆಯನ್ನು ನೋಡುತ್ತಿದ್ದ ಡಾಕ್ಟರ ಹುಬ್ಬು ಮೇಲೇರಿತು. ಲಿವರ್ ಒಂದಿಷ್ಟೂ ಕುಗ್ಗಿರಲಿಲ್ಲ. ಏನೇನು ಕೊಟ್ಟಿರಿ ಎಂದು ಕೇಳಿದ್ದಕ್ಕೆ ಅತ್ತೆ ಮುಂದೆ ಬಂದು ಎದೆಯುಬ್ಬಿಸಿ ಹೇಳಿದರು.

"ಅಗಿಯೋದು ಒಂದೂ ಕೊಟ್ಟಿಲ್ಲ ಸಾ. ಪೌಡ್ರು, ಸೋಸಿದ ಬಸ್ಸಾರು, ಮುದ್ದೆ. ಅಷ್ಟೇಯ."

ಡಯೆಟಿಷಿಯನ್ ಹುಡುಗಿ ತಲೆಯ ಮೇಲೆ ಕೈ ಹೊತ್ತುಕೊಂಡಳು. "ಅಜ್ಜಿ, ಮುದ್ದೆ ಅಗಿಯಲ್ವಾ?" ಎಂದು ಕೇಳಿದಳು.

"ನೀ ಅಗೀತೀಯಾ?" ಎಂದು ಅತ್ತೆ ಅವಳನ್ನು ಮೇಲಿಂದ ಕೆಳಗೆ ಕನಿಕರದಿಂದ ನೋಡಿದರು. ಆಮೇಲೆ ನ್ಯಾಯಕ್ಕಾಗಿ ಡಾಕ್ಟರ ಕಡೆ ತಿರುಗಿದರು. ಡಾಕ್ಟರು ಮಂಡ್ಯದ ಕಡೆಯವರು. ಸುಳ್ಳು ಹೇಳಲು ಅವರಿಗೂ ಬಾಯಿ ಬರಲಿಲ್ಲ. "ಅಗಿಯಲ್ಲ, ನಿಜ" ಎಂದು ಒಪ್ಪಿಕೊಂಡು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರು.

ನಗು ನಿಂತ ಮೇಲೆ ಅವರು ಅತ್ತೆಯನ್ನು ಕೂರಿಸಿಕೊಂಡು ತಮ್ಮ ಕೈಯನ್ನೇ ಲಿವರ್ ಮಾಡಿ ತೋರಿಸಿದರು. ಕೊಬ್ಬಿದ ಲಿವರನ್ನು ಎತ್ತಿ ಹಿಡಿಯಲು ಹೋದರೆ ಹರಿಯುತ್ತದೆ, ಹರಿದರೆ ರಕ್ತ ನಿಲ್ಲುವುದಿಲ್ಲ, ಜೀವಕ್ಕೇ ಕುತ್ತು ಬರಬಹುದು. ಮುಂದಿನ ತಿಂಗಳು ಇನ್ನೊಂದು ಅವಕಾಶ ಕೊಡುತ್ತೇನೆ, ಆಗಲೂ ಹೀಗೇ ಇದ್ದರೆ ಈ ಆಪರೇಷನ್ನಿನ ಆಸೆ ಬಿಡಿ ಎಂದರು. ಮನೆ ಸೇರಿ ಚಪ್ಪಲಿ ಬಿಟ್ಟ ಮೇಲೆ ಅತ್ತೆ, "ನನ್ ಕೈಯಾರೆ ನಿನ್ ಕೊಂದ್ಬುಡ್ತಿದ್ನಲ್ಲ ಮಗಾ" ಎಂದು ಅತ್ತರು.

ಎರಡನೇ ಸಲ ಎರಡು ವಾರ ಶುರುವಾದಾಗ ಮನೆಯಲ್ಲಿ ಒಲೆಯೇ ಹೊತ್ತಲಿಲ್ಲ. ಮುದ್ದೆಯ ವಾಸನೆ ನನ್ನ ಮೂಗಿಗೆ ಬೀಳಬಾರದು ಎಂದು ಅತ್ತೆಯ ಆಜ್ಞೆ. ನನ್ನ ಗಂಡ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಪಾಲಾದರು. ಅತ್ತೆ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಪಕ್ಕದ ಮನೆಗೆ ಊಟಕ್ಕೆ ಹೋಗಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬರುತ್ತಿದ್ದರು. ನನಗೋ ಹೊಟ್ಟೆಕಿಚ್ಚು.

"ಏನು ಸಾರತ್ತೆ ಇವತ್ತು?"

"ಉರ್ಳಿಕಾಳಿಂದು. ಉಪ್ಪು ವಸಿ ಜಾಸ್ತಿ ಮಾಡ್ಬುಟ್ಟಿದ್ಲು" ಎನ್ನುತ್ತಿದ್ದರು. ಮಾರನೆಯ ದಿನ ಅವರೆಕಾಳಿನದು. ಅದರ ಮಾರನೆಯ ದಿನ ಮಸೊಪ್ಪು. ಅವರು ಒಂದೊಂದನ್ನೂ ಒಗ್ಗರಣೆ ಸಮೇತ ವರ್ಣಿಸುತ್ತಿದ್ದರೆ ನಾನು ಮೂಗು ಹಿಡಿದು ಬಟಾಣಿ ಗಂಟಲಿಗೆ ಸುರಿದುಕೊಳ್ಳುತ್ತಿದ್ದೆ. ಇವರಿಗೆ ಮನುಷ್ಯತ್ವ ಇದೆಯೇ ಎಂದು ಮನಸ್ಸಿನಲ್ಲೇ ಬೈದುಕೊಂಡದ್ದೂ ಉಂಟು. ಆದರೆ ಈ ಸಲ ಒಂದು ತುತ್ತೂ ಬಾಯಿಗಿಡಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಮತ್ತೆ ಸ್ಕ್ಯಾನಿಂಗ್ ಆಯಿತು. ಡಾಕ್ಟರು ಹೊರಗೆ ಬಂದು, "ಕುಗ್ಗಿದೆ ಅಜ್ಜಿ, ಚೆನ್ನಾಗಿ ಕುಗ್ಗಿದೆ. ಇವತ್ತೇ ಮಾಡೋಣ" ಎಂದರು.

"ಕರಗ್ತಾ ಸಾ?" ಎಂದು ಅತ್ತೆ ಬೆಂಚಿನಿಂದ ಎದ್ದರು. ಎದ್ದವರು ಹಾಗೆಯೇ ಗೋಡೆಗೆ ಒರಗಿ ಜಾರಿ ನೆಲಕ್ಕೆ ಕೂತುಬಿಟ್ಟರು.

ನರ್ಸುಗಳು ಓಡಿಬಂದರು. ನನಗೆಂದು ಇಟ್ಟಿದ್ದ ಮಂಚದ ಮೇಲೆ ಅತ್ತೆಯನ್ನು ಮಲಗಿಸಿದರು. ಆಪರೇಷನ್ ನನಗೆ, ಗ್ಲೂಕೋಸ್ ಬಾಟಲಿ ಮೊದಲು ನೇತುಹಾಕಿದ್ದು ಅವರಿಗೆ. ನಾಡಿ ನೋಡಿದ ನರ್ಸು, "ಅಜ್ಜಿ ಯಾವಾಗ ಊಟ ಮಾಡಿದ್ದು?" ಎಂದು ನನ್ನನ್ನು ಕೇಳಿದಳು. ದಿನಾ ಎರಡು ಹೊತ್ತು ಪಕ್ಕದ ಮನೆಯಲ್ಲಿ ಉಣ್ಣುತ್ತಾರೆ ಎಂದೆ.

ಅತ್ತೆ ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದರು. "ಎಲ್ಲಿ ಉಂಡೆ? ಅವ್ರ ಜಗ್ಲಿ ಮ್ಯಾಲೆ ವಸಿ ಒತ್ತು ಕೂತ್ಕೊಂಡು ಬತ್ತಿದ್ದೆ. ಮಜ್ಗೆ ಕೊಟ್ರೆ ಕುಡೀತಿದ್ದೆ."

"ಮತ್ತೆ ಉರ್ಳಿಕಾಳು ಸಾರು ಅಂದ್ರಲ್ಲತ್ತೆ? ಉಪ್ಪು ಜಾಸ್ತಿ ಅಂದ್ರಲ್ಲ?" ಎಂದು ಪೆದ್ದಿಯ ಹಾಗೆ ಕೇಳಿದೆ.

"ನೀ ಅಸ್ಕೊಂಡಿದ್ರೆ ನಂಗೆ ಮುದ್ದೆ ಎಂಗ್ ಇಳೀತದೆ? ಉಂಡಿಲ್ಲ ಅಂದಿದ್ರೆ ನೀನೂ ಕುಡೀತಿರ್ನಿಲ್ಲ, ನಂಗೂ ತಿನ್ಸೋಕೆ ಕೂತ್ಕೋತಿದ್ದೆ" ಎಂದರು. ಸೂಜಿ ಚುಚ್ಚದ ಕೈಯಿಂದ ನನ್ನ ಕೈ ತಳ್ಳಿದರು. "ಓಗು ಮಗಾ, ಡಾಕ್ಟ್ರು ಕಾಯ್ತಾವ್ರೆ."

ಸ್ಟ್ರೆಚರ್ ತಳ್ಳುವವರು ಬಂದರು. ಆ ಡಾಕ್ಟರು ಕಣ್ಣು ಉಳಿಸಿಕೊಡುತ್ತಾರೆ ಎಂಬ ನಂಬಿಕೆ ಆಗ ನನಗಿತ್ತು, ಉಳಿಸಿಯೂ ಕೊಟ್ಟರು. ಆದರೆ ಆ ಬಾಗಿಲು ದಾಟುವವರೆಗೂ ನಾನು ನೋಡಿದ್ದು ಅತ್ತೆಯನ್ನು ಮಾತ್ರ, ಅದೂ ಕಣ್ಣೀರಿನಲ್ಲಿ ಸರಿಯಾಗಿ ಕಾಣಿಸಲಿಲ್ಲ.