ಮೇಡಂ ದನಿಯಲ್ಲಿ ಬೈದವನು

ನೀಲಕ್ಕಾ, ಅಂದು ಫೋನಿನಲ್ಲಿ ನಿಮ್ಮನ್ನು ಬೈದದ್ದು ರೇಣುಕಾ ಮೇಡಂ ಅಲ್ಲ – ನಾನು. ಅವರ ದನಿಯನ್ನು ಅಣಕಿಸಿ ಬೈದವನು ನಾನು.

ಶಹಾಪುರದ ನಮ್ಮ ತೂಕ ಇಳಿಸುವ ಕ್ಲಾಸಿನಲ್ಲಿ ನಾನು ಯಾರ ದನಿಯನ್ನು ಬಿಟ್ಟಿದ್ದೆ ಹೇಳಿ! ಏದುಸಿರು ಬಿಡುವ ಅಡತಿ ಅಂಗಡಿಯ ಸಾಹುಕಾರರು, ತಕ್ಕಡಿ ಹತ್ತುವ ಮೊದಲು ಬಳೆ ಬಿಚ್ಚಿಡುವ ಟೀಚರು, ಮೆಟ್ಟಿಲ ಮೇಲೆ ಎಮ್ಮೆಯಂತೆ ನರಳುವ ನಾನು – ಎಲ್ಲರನ್ನೂ ಆಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನೀವೇ. ಮೇಡಂ ನಮ್ಮಿಬ್ಬರನ್ನು ಜೋಡಿ ಮಾಡಿದ್ದರು. ತಿಂದದ್ದನ್ನು ಜೋಡಿಯವರಿಗೆ ಮುಚ್ಚಿಡದೆ ಹೇಳಬೇಕು, ಕೇಳಿದವರು ಬೈಯಬಾರದು – ಅಷ್ಟೇ ನಿಯಮ. ತೂಕ ಏರಿದವರ ಮನೆಗೆ ಮೇಡಂ ತಾವೇ ಹೋಗಿ, ಪಕ್ಕದಲ್ಲಿ ಕೂತು ಒಂದು ರೊಟ್ಟಿ ತಿಂದು ಬರುತ್ತಿದ್ದರು. ಮೊಣಕಾಲು ಉಳಿಯಬೇಕಾದರೆ ತೂಕ ಇಳಿಯಲೇಬೇಕೆಂದು ಡಾಕ್ಟರು ನಿಮಗೆ ಹೇಳಿದ್ದರು. ಇಳಿಯುತ್ತಲೂ ಇತ್ತು.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಎಲ್ಲರ ಜೊತೆ ಕೂತು ಉಂಡು, ಸಂಜೆ ನನಗೆ ಫೋನ್ ಮಾಡಿದಿರಿ.

"ತಮ್ಮಾ, ಹೋಳಿಗಿ ಮ್ಯಾಲ ಹೋಳಿಗಿ ತಿಂದೀನೋ. ಮೇಡಂಗ ಹ್ಯಾಂಗ ಹೇಳ್ಲಿ?"

"ನಾ ಹೇಳ್ತೀನಿ ಬಿಡ್ರಿ ಅಕ್ಕಾ" ಎಂದೆ. ಹೇಳಲಿಲ್ಲ. ಮರುದಿನ ಕ್ಲಾಸಿನ ಫೋನು ಮೇಜಿನ ಮೇಲಿತ್ತು, ಮೇಡಂ ಇನ್ನೂ ಬಂದಿರಲಿಲ್ಲ... ನಾಲಿಗೆ ತುರಿಸಿತು. ನಿಮ್ಮ ಮನೆಗೆ ಫೋನ್ ಹಚ್ಚಿ ಮೇಡಂ ದನಿಯಲ್ಲೇ ಶುರು ಮಾಡಿದೆ:

"ತಿನ್ನಾಕಽ ಹುಟ್ಟೀರೇನ್ರಿ? ನಿಮ್ಮಂಥಾಕಿ ಸಲುವಾಗಿ ನಾ ಯಾಕ ಜೀವ ತೇಯಬೇಕು? ನಾಳಿಂದ ಬರಬ್ಯಾಡ್ರಿ."

ನಿಮ್ಮ ನಗುವಿಗೆ ಕಾದೆ.

"ಖರೇ ಐತ್ರಿ ಮೇಡಂ" ಎಂದಿರಿ – ಅಷ್ಟು ಮೆಲ್ಲಗೆ. ಫೋನಿಟ್ಟಿರಿ.

ತಕ್ಷಣ ತಿರುಗಿ ಮಾಡಬಹುದಿತ್ತು. ಬಂದಾಗ ನಗಿಸಿದರಾಯಿತು ಎಂದುಕೊಂಡೆ. ನೀವು ಬರಲೇ ಇಲ್ಲ. ಮೇಡಂ ನಿಮ್ಮ ಮನೆಗೆ ಬಂದರೆ ಒಳಗಿಂದಲೇ "ಬ್ಯಾಡ್ರಿ" ಎಂದು ಕಳಿಸಿದಿರಂತೆ. "ನಾ ಏನ್ ತಪ್ಪು ಮಾಡಿದೆನೋ" ಎಂದು ಅವರು ನನ್ನನ್ನೇ ಕೇಳಿದಾಗ, ಊರಿನವರ ದನಿಯನ್ನೆಲ್ಲ ಅಣಕಿಸುವ ಈ ಬಾಯಿ – "ಗೊತ್ತಿಲ್ರಿ ಮೇಡಂ" ಎಂದಿತು.

ವರ್ಷಗಳೇ ಆದವು. ಮೊನ್ನೆ ಯಾದಗಿರಿಯ ಮದುವೆಯಲ್ಲಿ ನಿಮ್ಮನ್ನು ಕಂಡೆ. ಗೋಡೆ ಹಿಡಿದು ನಡೆಯುತ್ತಿದ್ದಿರಿ. ಊಟಕ್ಕೆ ಕರೆದೆ.

"ಇಲ್ಲೋ ತಮ್ಮಾ, ಮೇಡಂ ಹಂಗಂದ ದಿನದಿಂದ ಮಂದಿ ಎದುರು ಕೂತು ಉಣ್ಣಾಕ ಆಗವಲ್ದು."

ನಿಮಗೆ ಕ್ಲಾಸು ತಪ್ಪಿಸಿದೆ, ಅಷ್ಟೇ, ಎಂದು ತಿಳಿದಿದ್ದೆ. ಆದರೆ ಇದು... ಇಷ್ಟು ವರ್ಷಗಳ ಹಬ್ಬ, ಮದುವೆ, ಮಕ್ಕಳ ಜೊತೆಯ ತಾಟು – ಎಲ್ಲ? ಒಂದು ಚೇಷ್ಟೆಯಿಂದ? ಆಗಲೂ – ನಂಬುತ್ತೀರಾ – ಹಲ್ಲು ಕಿರಿದು, "ಹಂಗಾದ್ರ ನಿಮ್ಮ ಪಾಲಿಂದೂ ನಾನಽ ಉಣ್ತೀನಿ" ಎಂದೆ. ನೀವು ನಕ್ಕಿರಿ. ನಾನು ಹೋಗಿ ಉಂಡೆ ಕೂಡ.

ನಿನ್ನೆ ಮೇಡಂಗೆ ಹೇಳಿದೆ. ಅವರು ಕುರ್ಚಿಯ ಕೈ ಹಿಡಿದು ಕೂತುಬಿಟ್ಟರು. ಬೈಯುತ್ತಾರೆಂದು ಕಾದೆ.

"ಆಕಿಗೆ ಹೇಳೀಯೇನು?" ಎಂದರು. ಅಷ್ಟೇ.

ಇಲ್ಲ ಅಕ್ಕಾ, ಈ ಕಾಗದದಲ್ಲೇ ಮೊದಲು ಹೇಳುತ್ತಿರುವುದು. ಇದು ನಿಮ್ಮ ಕೈ ಸೇರಿದ ಮೇಲೆ ನಾನು ನೀವೀಗ ಇರುವ ಸುರಪುರದ ಮನೆಗೆ ಬರುತ್ತೇನೆ. ಮೇಡಂ ಕೂಡ ಬರುತ್ತಾರೆ. ಅವರನ್ನು ಒಳಗೆ ಕರೆಯಿರಿ. ನನ್ನನ್ನು ಕರೆಯಬೇಕೆಂದಿಲ್ಲ – ನೀವಿಬ್ಬರೂ ಉಂಡು ಏಳುವ ತನಕ ನಾನು ಹೊರಗೆ ನಿಂತಿರುತ್ತೇನೆ.