ನೆಲ ಡೊಂಕಲ್ಲ, ಗೋಡೆ ಡೊಂಕು

ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಆ ಹೆಂಗಸಿಗೆ ಅಂದು ಬೆಳಗ್ಗೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮುಂದಿನ ಕೋಣೆಯ ನೆಲಕ್ಕೆ ಅವಳೇ ಕೈಯಾರೆ ಟೈಲ್ಸ್ ಹಾಕುವವಳಿದ್ದಳು. ಗಾರೆ ಕೆಲಸದವನು ನಾಳೆ ಬರ್ತೀನಿ, ನಾಳೆ ಬರ್ತೀನಿ ಎನ್ನುತ್ತ ಬೇಸಿಗೆಯನ್ನೇ ತಳ್ಳಿಬಿಟ್ಟಿದ್ದ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ; ಇಲ್ಲಿ ಹಾಳು ಬಿದ್ದದ್ದು ಮಾತ್ರ ಇವಳ ಮನೆ.

ಆ ಕೋಣೆಯ ಮೇಲೆ ಅವಳಿಗೆ ಮದುವೆಯಾಗಿ ಬಂದಾಗಿನಿಂದ ಕಣ್ಣು. ಹೊಲಿಗೆ ಮೆಷಿನ್ ಅಡುಗೆಮನೆಯ ಮೂಲೆಯಲ್ಲಿತ್ತು. ಗಿರಾಕಿಗಳ ಹೊಸ ಬಟ್ಟೆಗೆಲ್ಲ ಎಣ್ಣೆ ಕಾಯಿಸಿದ ವಾಸನೆ. ಅತ್ತೆಯೋ, ಆ ಕೋಣೆ ದೊಡ್ಡ ಮಗನ ಸಾಮಾನಿಗೆ ಎಂದು ಪಟ್ಟು ಹಿಡಿದಿದ್ದರು. ಕೊನೆಗೆ ಸೊಸೆಯ ಕಾಟ ತಡೆಯಲಾರದೆ ಒಂದು ಮಾತು ಕೊಟ್ಟರು.

"ನೀನೇ ಹಾಕ್ತೀಯಾ? ಹಾಕಮ್ಮ. ನೆಲ ಚೆನ್ನಾಗಿ ಕೂತ್ರೆ ಕೋಣೆ ನಿಂದು. ಕೆಟ್ರೆ ದೊಡ್ಡೋನ ಸಾಮಾನು ಬರುತ್ತೆ. ಆಮೇಲೆ ಮುಖ ಊದಿಸ್ಕೊಂಡು ಓಡಾಡ್ಬಾರ್ದು."

ಟೈಲ್ಸ್ ಎಂದರೆ ಅಂತಿಂಥವಲ್ಲ. ನಾಲ್ಕು ಕೂಡಿಸಿದರೆ ಒಂದು ನೀಲಿ ಹೂವು. ಅಂಗಡಿಯಲ್ಲಿ ಉಳಿದಿದ್ದದ್ದೇ ಅಷ್ಟು, ಆ ನಮೂನೆ ಇನ್ನು ಬರುವುದಿಲ್ಲ ಎಂದಿದ್ದರು. ಬಸ್ ಓಡಿಸುವ ಗಂಡ ಅಂದು ರಜೆ ಹಾಕಿ ಅಂಟು ಕಲಸಲು ಕೂತ. ಅವಳು ಕೋಣೆಯ ನಟ್ಟನಡುವೆ ದಾರ ಎಳೆದು, ಮೊದಲ ಹೂವನ್ನು ಅಲ್ಲೇ ಕೂರಿಸಿದಳು. ಹೂವಿನ ಬಟ್ಟೆಯಲ್ಲಿ ಕುಪ್ಪಸ ಹೊಲಿಯುವವಳಿಗೆ ಬೆನ್ನಿನ ನಡುವೆ ಹೂವು ಬರಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅಂಟು ಬಳಿಯುವುದು, ಟೈಲ್ ಇಡುವುದು, ರಬ್ಬರ್ ಸುತ್ತಿಗೆಯಿಂದ ತಟ್ಟುವುದು, ರಸಮಟ್ಟ ಇಟ್ಟು ನೆಲ ಸಮ ಇದೆಯೇ ಎಂದು ನೋಡುವುದು. ಹೂವಿಗೆ ಹೂವು ಕೂಡಿಕೊಳ್ಳುತ್ತ ಹೋದಂತೆ ಅವಳಿಗೆ ಹಸಿವೆಯೂ ಮರೆತುಹೋಯಿತು. ಅಯ್ಯೋ, ಇಷ್ಟು ಖುಷಿಯ ಕೆಲಸವನ್ನು ಬೇರೆಯವರ ಕೈಗೆ ಕೊಡಲು ಹೊರಟಿದ್ದೆನಲ್ಲ ಎನ್ನಿಸಿತು.

ಗೋಡೆ ಪಕ್ಕದ ತುಂಡುಗಳು ಉಳಿದವು. ಇಲ್ಲೇ ನೋಡಿ ಅವಳ ಕಸುಬು ಅವಳನ್ನೇ ಕೆಡವಿದ್ದು. ಟೈಲರ್ ಆದವಳು ಬಟ್ಟೆಯನ್ನು ನಡುವಿಗೆ ಮಡಚಿ, ಒಂದು ಕಡೆ ಅಳೆದು, ಎರಡೂ ಕಡೆಗೆ ಒಟ್ಟಿಗೇ ಕತ್ತರಿಸುತ್ತಾಳೆ. ಇವಳೂ ಎಡಗೋಡೆಯನ್ನಷ್ಟೇ ಅಳೆದಳು, ಬಲಕ್ಕೂ ಅದೇ ಅಳತೆಯಲ್ಲಿ ಜೋಡಿ ಜೋಡಿಯಾಗಿ ಕತ್ತರಿಸಿಟ್ಟಳು. ಸದ್ಯ, ಅಂಟು ಬಳಿಯುವ ಮೊದಲು ಸುಮ್ಮನೆ ಜೋಡಿಸಿ ನೋಡಿದಳು. ಎಡಕ್ಕೆ ಹೇಳಿ ಮಾಡಿಸಿದಂತೆ ಕೂತವು. ಬಲಕ್ಕೆ ಬಾಗಿಲ ಬಳಿ ಸರಿ ಇತ್ತು, ಕಿಟಕಿಯ ಕಡೆ ಹೋದಂತೆ ಸಂದಿ ಬಾಯಿ ಬಿಡುತ್ತ ಬಿಡುತ್ತ ನಾಲ್ಕು ಬೆರಳಾಯಿತು.

"ರೀ, ಗೋಡೆ ಡೊಂಕಿದೆ ಕಣ್ರೀ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದ ಗಂಡ, ಅಂಟಿನ ಬಕೆಟ್ಟಿನಿಂದ ತಲೆ ಎತ್ತದೆ.

ಅವಳಿಗೆ ಮೈಯೆಲ್ಲ ಉರಿಯಿತು. ದಾರ ಹಿಡಿಸಿ ತೋರಿಸಿದಳು. ಗೋಡೆ ನಿಜಕ್ಕೂ ಡೊಂಕು, ಕಿಟಕಿಯ ಕಡೆ ಹೋದಂತೆ ಹೊರಕ್ಕೆ ಸರಿದಿತ್ತು. ಆದರೆ ಗೋಡೆ ಡೊಂಕು ಎಂದು ಸಾಧಿಸಿದರೆ ಸಂದಿ ತುಂಬುತ್ತದೆಯೇ? ಹೂವಿನ ಟೈಲ್ ಒಂದೂ ಉಳಿದಿರಲಿಲ್ಲ. ಒಳಗಿನಿಂದ ಅತ್ತೆಯ ಕೆಮ್ಮು ಕೇಳಿಸಿತು. ದೊಡ್ಡ ಮಗನ ಬೀರು, ಕುರ್ಚಿ, ಮುರಿದ ಮಂಚ ಎಲ್ಲವೂ ಆ ಸಂದಿಯಲ್ಲೇ ಒಳಗೆ ನುಗ್ಗಿದಂತೆ ಅವಳಿಗೆ ಕಂಡಿತು.

"ಬಚ್ಚಲಿಗೆ ಹಾಕಿ ಮಿಕ್ಕಿದ ಹಸಿರು ಟೈಲ್ಸ್ ಇದೆಯಲ್ಲ, ಆ ಸಂದಿಗೆ ತುಂಬ್ಬಿಡು," ಎಂದ ಗಂಡ.

"ಒಂದು ಕಡೆ ಹಾಕಿದ್ರೆ ಅದು ತೇಪೆ ಕಣ್ರೀ," ಎಂದವಳು ಅಲ್ಲೇ ನಿಂತಳು. ಮುಖ ಅರಳಿತು. "ನಾಲ್ಕೂ ಕಡೆ ಹಾಕಿದ್ರೆ ಅಂಚು. ಏಳಿ, ಏಳಿ, ಎಲ್ಲಾ ತನ್ನಿ."

ಅಂಚಿಗೆ ಜಾಗವಾಗಲೆಂದು, ಕತ್ತರಿಸಿದ್ದ ತುಂಡುಗಳನ್ನೆಲ್ಲ ಮತ್ತಷ್ಟು ಕಿರಿದು ಮಾಡಿದಳು. ನಾಲ್ಕೂ ಗೋಡೆಯುದ್ದಕ್ಕೂ ಹಸಿರು ಪಟ್ಟಿ ಕೊಟ್ಟಳು. ಡೊಂಕನ್ನೆಲ್ಲ ಆ ಪಟ್ಟಿಯೇ ನುಂಗಿಕೊಂಡಿತು. ಬಲಕ್ಕೆ ಪಟ್ಟಿ ಹೋಗ್ತಾ ಹೋಗ್ತಾ ಅಗಲವಾಗಿತ್ತು, ನಿಜ. ಆದರೆ ಹೂವಿಲ್ಲದ ಕಡೆ ಅಗಲ ಯಾರ ಕಣ್ಣಿಗೆ ಬೀಳುತ್ತದೆ? ಸಂಜೆಯ ಬಿಸಿಲು ಕಿಟಕಿಯಿಂದ ಬಿದ್ದಾಗ ಗಂಡ ಹೆಂಡತಿ ಇಬ್ಬರೂ ಹೊಸ್ತಿಲಾಚೆ ನಿಂತು, ಮೈಯೆಲ್ಲ ಅಂಟು ಮೆತ್ತಿಕೊಂಡು, ಮಕ್ಕಳ ಹಾಗೆ ನಕ್ಕರು.

ಅಂಟು ಒಣಗಿ, ಸಂದಿಗೆ ಬಿಳಿ ಸಿಮೆಂಟ್ ತುಂಬಿ ಒರೆಸಿದ ಮೇಲೆ ಅತ್ತೆ ಬಂದರು. ಮೂಲೆ ಮೂಲೆಗೂ ಹೋಗಿ ಬಗ್ಗಿ ನೋಡಿದರು. ಬಲಗೋಡೆಯ ಬಳಿ ಬಹಳ ಹೊತ್ತು ನಿಂತರು. ಅತ್ತೆಯ ಬೆರಳು ಆ ಪಟ್ಟಿಯ ಮೇಲೆ ಬಾಗಿಲಿನಿಂದ ಕಿಟಕಿಯವರೆಗೂ ಮೆಲ್ಲಗೆ ಹರಿಯಿತು. ಅವರಿಗೆ ಗೊತ್ತಾಗಿದೆ ಎಂದು ಸೊಸೆಗೆ ಗೊತ್ತಾಯಿತು.

ಅತ್ತೆ ಒಳಗೆ ಹೋಗಿ, ಪೆಟ್ಟಿಗೆಯಲ್ಲಿದ್ದ ಕುಪ್ಪಸದ ಬಟ್ಟೆಯೊಂದನ್ನು ತಂದರು. ಇಷ್ಟು ವರ್ಷ ಮನೆಯಲ್ಲೇ ಟೈಲರ್ ಇದ್ದರೂ ಅವರ ಕುಪ್ಪಸ ಹೋಗುತ್ತಿದ್ದದ್ದು ಬೀದಿ ಕೊನೆಯ ಅಂಗಡಿಗೆ. ಈಗ ಕೋಣೆಯ ನಡುವೆ ಬಂದು, ಬಟ್ಟೆಯನ್ನು ಸೊಸೆಯ ಕೈಗಿಟ್ಟು, ಎರಡೂ ಕೈ ಸ್ವಲ್ಪ ಅಗಲಿಸಿ ನಿಂತರು.

"ಅಳತೆ ತಗೋ. ನನ್ನ ಬಲ ಭುಜ ಇಳಿದಿದೆ, ಯಾರಿಗೂ ಹೇಳಿಲ್ಲ. ಎರಡೂ ಕಡೆ ಅಳೆ."